ಗುಜರಿ ಎಂಜಿನ್ ಹಾಕಿದ ಮೇಲೂ ಅಂಬಾಸಡರ್ ಕುದಿಯುತ್ತಿದ್ದರೆ

ತುಮಕೂರು ಹತ್ತಿರದ ದೇವರಾಯನದುರ್ಗ ಬೆಟ್ಟದ ತಿರುವುಗಳು ಶುರುವಾಗಿ ಐದು ನಿಮಿಷ ಆಗಿರಲಿಲ್ಲ, ನಮ್ಮ ಕಾರಿನ ಬಾನೆಟ್ ಸಂದಿಯಿಂದ ಹಬೆ ಎದ್ದಿತು. ಎಂಜಿನ್ ಬದಲಾಯಿಸಿ ಆಗ ಒಂಬತ್ತೇ ದಿನ. ಹಳೇ ಎಂಜಿನ್ ಕುದಿಯುತ್ತೆ ಅಂತಲೇ 28,000 ರೂಪಾಯಿ ಕೊಟ್ಟು ಇದನ್ನು ತಂದಿದ್ದು. ಇದೂ ಕುದಿಯಿತು. ಕಟ್ಟೆ ಮೇಲೆ ಕೂತ ಮಂಗಗಳು ನಮ್ಮನ್ನೇ ನೋಡುತ್ತಿದ್ದವು. ಹಿಂದಿನ ಸೀಟಿನಲ್ಲಿದ್ದ ಅಪ್ಪ ಒಂದೇ ಮಾತು ಹೇಳಿದರು: "ಕಾಯಿಲೆ ಒಂದಕ್ಕೆ, ಆಪರೇಷನ್ ಇನ್ನೊಂದಕ್ಕೆ ಮಾಡ್ಸಿದ್ದೀಯ ಕಣಪ್ಪ."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಮಾಡಿದ್ದು ತಲೆಕೆಳಗಾದ ಕೆಲಸ. ಮೊದಲು ಎಂಜಿನ್ ತಂದೆ, ಆಮೇಲೆ ದೋಷ ಹುಡುಕಿದೆ. ನೀವು ಹಾಗೆ ಮಾಡಬೇಡಿ ಅಂತ, ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ನಮ್ಮದು 1984ರ ಮಾರ್ಕ್ 4, ಪೆಟ್ರೋಲ್, 1489 ಸಿಸಿ. ಪ್ರೀಮಿಯರ್ ಪದ್ಮಿನಿ ಕಾರು ಇಟ್ಟುಕೊಂಡವರಿಗೂ ಇದರಲ್ಲಿ ಮುಕ್ಕಾಲು ಪಾಲು ಹೊಂದುತ್ತದೆ. ಹೊಂದದ ಕಡೆ ಹೇಳುತ್ತೇನೆ.

ಎಂಜಿನ್ ನಿಜಕ್ಕೂ ಹೋಗಿದೆಯಾ?

ಶಿರಾ ಕಡೆಯಿಂದ ಬರುವಾಗ ನಮ್ಮ ಕಾರು ಕುದಿದು ನಿಂತಿತು. ತಣ್ಣಗಾದ ಮೇಲೆ ನೀರು ಹಾಕಿ ಹೊರಟರೆ ನಡುಕ, ಎಳೆಯೋ ಶಕ್ತಿಯೇ ಇಲ್ಲ. ಊರಿಗೆ ಬಂದು ತೋರಿಸಿದಾಗ ಮೆಕ್ಯಾನಿಕ್ ಐದು ನಿಮಿಷ ಕಿವಿಗೊಟ್ಟು ಕೇಳಿದರು. "ಬೋರ್ ಹೋಗೈತೆ ಸಾರ್. ರೀಬೋರ್ ಮಾಡ್ಸಿ, ಪಿಸ್ಟನ್ ರಿಂಗ್ ತರ್ಸಿ, ಕ್ರ್ಯಾಂಕ್ ಗ್ರೈಂಡಿಂಗ್ ಮಾಡ್ಸಿ ಅಂದ್ರೆ ತಿಂಗಳು ಹಿಡೀತದೆ. ಅದರ ಬದಲು ಒಂದು ಸೆಕೆಂಡ್ ಇಂಜಿನ್ ಸಿಕ್ರೆ ಎರಡೇ ದಿನದ ಕೆಲಸ." ಬೋರ್ ಅಂದ್ರೆ ಪಿಸ್ಟನ್ ಆಡುವ ಸಿಲಿಂಡರಿನ ಒಳಗೋಡೆ, ರೀಬೋರ್ ಅಂದ್ರೆ ಅದನ್ನು ಕೊರೆದು ದೊಡ್ಡದು ಮಾಡೋದು. ನನಗೂ ಎಂಜಿನ್ ಬದಲಾಯಿಸೋದೇ ಬೇಕಿತ್ತು ಅನ್ನಿ. ಹಬ್ಬಕ್ಕೆ ಕಾರು ಬೇಕಾಗಿತ್ತು. ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳದ ಭಾಗ) ಬಿಚ್ಚಿ ನೋಡೋಣ ಅಂತ ಇಬ್ಬರಿಗೂ ಅನಿಸಲಿಲ್ಲ.

ಇಲ್ಲಿ ಬೇಕಾಗಿದ್ದದ್ದು ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಒಂದು ಕಂಪ್ರೆಷನ್ ಗೇಜ್. ಒಂದು ಟ್ಯಾಂಕ್ ಪೆಟ್ರೋಲಿಗೆ ಆಗುವಷ್ಟು ದುಡ್ಡೂ ಅದಕ್ಕೆ ಬೇಡ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ತೆಗೆದಿಡಿ. ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಲಿ. ಒಂದೊಂದು ಸಿಲಿಂಡರಿಗೂ ಗೇಜ್ ಹಿಡಿದು ಅಂಕಿ ಬರೆದುಕೊಳ್ಳಿ. ಈ ಎಂಜಿನ್‌ನ ಕಂಪ್ರೆಷನ್ ಅನುಪಾತವೇ ಕಡಿಮೆ. ಹಾಗಾಗಿ ಈಗಿನ ಕಾರುಗಳ 180, 190 ಪಿಎಸ್‌ಐ ಇಲ್ಲಿ ಬರುವುದಿಲ್ಲ, ಅದಕ್ಕೆ ಹೆದರಬೇಡಿ. 100 ದಾಟಿ ನಾಲ್ಕೂ ಹತ್ತಿರ ಹತ್ತಿರ ಇದ್ದರೆ ಎಂಜಿನ್ ಬದುಕಿದೆ. ಅಂಕಿ ಎಷ್ಟು ಅನ್ನೋದಕ್ಕಿಂತ ನಾಲ್ಕರ ನಡುವೆ ಎಷ್ಟು ಅಂತರ ಅನ್ನೋದನ್ನೇ ಜಾಸ್ತಿ ನೋಡಿ.

ಒಂದರಲ್ಲಿ ಕಡಿಮೆ ಬಂತಾ? ಆ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರಲ್ಲಿ ಮಾತ್ರ ಕಡಿಮೆ, ಎಣ್ಣೆ ಬಿಟ್ಟರೂ ಏರಲಿಲ್ಲ ಅಂದ್ರೆ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಸೋರದಂತೆ ಇಡುವ ಹಾಳೆ) ಸುಟ್ಟಿರುವ ಸಾಧ್ಯತೆಯೇ ಹೆಚ್ಚು. ನಮ್ಮ ಹಳೇ ಎಂಜಿನ್‌ಗೆ ಆಗಿದ್ದು ಇದೇ. ಅದು ಗೊತ್ತಾಗಿದ್ದು ಆರು ತಿಂಗಳಾದ ಮೇಲೆ. ಹಿತ್ತಲಿನಲ್ಲಿ ಟಾರ್ಪಾಲಿನ್ ಹೊದ್ದು ಕೂತಿದ್ದ ಎಂಜಿನ್‌ನ ಹೆಡ್ ಎತ್ತಿದಾಗ 2 ಮತ್ತು 3ರ ನಡುವೆ ಗ್ಯಾಸ್ಕೆಟ್ ಕರಕಲಾಗಿತ್ತು. ಬೋರ್‌ಗೆ ಉಗುರು ಆಡಿಸಿದೆ. ಮೇಲ್ಗಡೆ ಏಣೇ ಸಿಗಲಿಲ್ಲ, ಅಂದ್ರೆ ಬೋರ್ ಸವೆದೇ ಇರಲಿಲ್ಲ.

ವಾಲ್ವ್ ಬಗ್ಗೆ ಇನ್ನೊಂದು ಮಾತು. 2000ದ ಫೆಬ್ರವರಿಯಿಂದ ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಹಳೇ ಹೆಡ್‌ಗಳಲ್ಲಿ ವಾಲ್ವ್ ಕೂರುವ ಜಾಗ ಮೆತ್ತನೆ ಬೀಡು, ಅಂದ್ರೆ ಎರಕದ ಕಬ್ಬಿಣ. ಸೀಸ ಅದಕ್ಕೆ ಮೆತ್ತೆಯ ಹಾಗೆ ಕೆಲಸ ಮಾಡುತ್ತಿತ್ತು. ಈಗ ಅದಿಲ್ಲದೆ ಎಕ್ಸಾಸ್ಟ್ ವಾಲ್ವ್ ನಿಧಾನವಾಗಿ ಒಳಕ್ಕೆ ಇಳಿಯುತ್ತದೆ. ಟ್ಯಾಪೆಟ್ ಗ್ಯಾಪ್ (ವಾಲ್ವ್ ಒತ್ತುವ ಭಾಗಕ್ಕೂ ವಾಲ್ವ್‌ಗೂ ನಡುವಿನ ಸಂದಿ) ಪದೇ ಪದೇ ಬಿಗಿಯಾಗುತ್ತಿದ್ದರೆ ಇದೇ ಅಂದುಕೊಳ್ಳಿ. ಲೇತ್‌ನಲ್ಲಿ ಗಟ್ಟಿ ಸೀಟ್ ಕೂರಿಸಿಕೊಡುತ್ತಾರೆ. ಎಂಜಿನ್ ಬದಲಿಸುವ ಕಾರಣ ಅಲ್ಲ ಇದು.

ಹೊಗೆಯನ್ನು ಸೈಲೆನ್ಸರ್ ಹತ್ತಿರ ನಿಂತು ನೋಡಿ. ನೀಲಿ ಹೊಗೆ ಆಯಿಲ್ ಸುಡುವುದರಿಂದ, ಕಪ್ಪು ಹೊಗೆ ಪೆಟ್ರೋಲ್ ಜಾಸ್ತಿಯಾಗಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಸಲ ನೀಲಿ ಬಂದು ನಿಂತರೆ ವಾಲ್ವ್ ಗೈಡ್ ಕಡೆ ಅನುಮಾನ. ಏರಿನಲ್ಲಿ ಎಳೆಯುವಾಗ ಉದ್ದಕ್ಕೂ ನೀಲಿ ಬಿಟ್ಟರೆ ರಿಂಗ್. ಬಿಸಿಯಾದ ಮೇಲೂ ಬಿಳಿ ಹಬೆ ನಿಲ್ಲದೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ನೀರು ಒಳಗೆ ಹೋಗುತ್ತಿದೆ. ಚಳಿಗಾಲದ ಬೆಳಗಿನ ಹಬೆ ಬೇರೆ, ಅದು ಎಲ್ಲ ಕಾರಿಗೂ ಬರುತ್ತೆ.

ಇನ್ನು ಸದ್ದು. ಟಿಕ್ ಟಿಕ್ ಅನ್ನೋ ಸಣ್ಣ ಸದ್ದು ಟ್ಯಾಪೆಟ್. ಮುಂದುಗಡೆ ಸರಪಳಿ ಆಡಿದ ಹಾಗಿದ್ದರೆ ಟೈಮಿಂಗ್ ಚೈನ್. ಇವೆರಡಕ್ಕೂ ಎಂಜಿನ್ ಬಿಸಾಕಬೇಕಿಲ್ಲ. ಹೊಟ್ಟೆಯೊಳಗಿಂದ ಡಬ್ ಡಬ್ ಅಂತ ಬಂದು, ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಕುಸಿಯುತ್ತಿದ್ದರೆ ಮಾತ್ರ ಚಿಂತೆ ಮಾಡಿ. ಅದು ಬೇರಿಂಗ್. ಒಂದೊಂದೇ ಪ್ಲಗ್ ವೈರ್ ಎಳೆದು ನೋಡಿ. ಯಾವುದನ್ನು ಎಳೆದಾಗ ಸದ್ದು ತಗ್ಗುತ್ತದೋ ಆ ಸಿಲಿಂಡರಿನ ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದೆ. ಇಷ್ಟೆಲ್ಲ ನೋಡಿಯೂ ಎಂಜಿನ್ ಸತ್ತಿದೆ ಅಂತ ಖಾತ್ರಿಯಾದರೆ ಆಗ ಗುಜರಿಗೆ ಹೊರಡಿ.

ಗುಜರಿಯಲ್ಲಿ ಟೈರಿನ ಮೇಲೆ ಕೂತ ಎಂಜಿನ್

ಅಂಬಾಸಡರ್ ಎಂಜಿನ್ ಬೇಕು ಅಂತ ಸುಮ್ನೆ ಫೋನಿನಲ್ಲಿ ಹೇಳಿದರೆ ಏನಾದರೂ ಒಂದು ಕೊಡುತ್ತಾರೆ. ಉತ್ತರಪಾರಾದಲ್ಲಿ ಈ ಕಾರು 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಹೊರಗಡೆ ಮುಖ ಅಷ್ಟೇನೂ ಬದಲಾಗದಿದ್ದರೂ ಒಳಗೆ ಬೇರೆ ಬೇರೆ ಎಂಜಿನ್ ಬಂದು ಹೋಗಿವೆ. ನಮ್ಮದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್. 1489 ಸಿಸಿಯಲ್ಲೇ ಡೀಸೆಲ್ ಕೂಡ ಇದೆ. 90ರ ದಶಕದಲ್ಲಿ ಬಂದ 1800 ಐಎಸ್‌ಝಡ್‌ನಲ್ಲಿರೋದು ಇಸುಝು ಎಂಜಿನ್, ಜೊತೆಗೆ ಐದು ಗೇರಿನ ಗೇರ್‌ಬಾಕ್ಸ್. ಅದನ್ನು ತಂದು ನಮ್ಮ ಹಳೇ ಗೇರ್‌ಬಾಕ್ಸ್‌ಗೆ ಸೇರಿಸೋಣ ಅಂದರೆ ಆಗುವುದಿಲ್ಲ. ನಿಮ್ಮ ಆರ್‌ಸಿಯಲ್ಲಿ ಏನಿದೆಯೋ ಅದೇ ಜಾತಿಯ ಎಂಜಿನ್ ಹುಡುಕಿ.

ತುಮಕೂರಿನಲ್ಲೇ ಸಿಕ್ಕರೆ ಸಂತೋಷ. ಇಲ್ಲದಿದ್ದರೆ ಎಲ್ಲರೂ ಹೋಗೋದು ಬೆಂಗಳೂರಿನ ಶಿವಾಜಿನಗರ, ಜೆ.ಸಿ. ರಸ್ತೆ ಕಡೆಗೆ. 70 ಕಿಲೋಮೀಟರ್ ಹೋಗಿ ಬರಿಗೈಯಲ್ಲಿ ಬರೋದು ಬೇಜಾರು ಅಂತ ಸಿಕ್ಕಿದ್ದನ್ನೇ ಹೊತ್ತು ತರಬೇಡಿ. ನಾನು ತಂದಿದ್ದು ಹಾಗೇ.

ಹೋಗುವಾಗ ಜೊತೆಗೆ ಒಯ್ಯಬೇಕಾದ್ದು: 12 ವೋಲ್ಟ್ ಬ್ಯಾಟರಿ, ದಪ್ಪ ಕೇಬಲ್, ಕಂಪ್ರೆಷನ್ ಗೇಜ್, ಪ್ಲಗ್ ಸ್ಪ್ಯಾನರ್, ಟಾರ್ಚ್, ಒಂದು ಸೈಕಲ್ ಸ್ಪೋಕ್, ಎರಡು ಬಾಟಲಿ ನೀರು. ಸ್ಪೋಕ್ ಮತ್ತು ನೀರು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಆ ಎರಡನ್ನು ನಾನು ಒಯ್ದಿರಲಿಲ್ಲ.

ಮೊದಲು ಕೈಯಲ್ಲಿ ತಿರುಗಿಸಿ. ನಾಲ್ಕೂ ಪ್ಲಗ್ ತೆಗೆದು, ಮುಂದಿನ ಪುಲ್ಲಿಯ ನಟ್‌ಗೆ ಸ್ಪ್ಯಾನರ್ ಹಾಕಿ ಪೂರ್ತಿ ಎರಡು ಸುತ್ತು. ಎಲ್ಲೂ ಗಕ್ಕನೆ ನಿಲ್ಲಬಾರದು. ಪುಲ್ಲಿಯನ್ನು ಹಿಂದೆ ಮುಂದೆ ಎಳೆದು ತಳ್ಳಿ ನೋಡಿ. ಟಕ್ ಅಂತ ಕೈಗೆ ತಾಗುವಷ್ಟು ಆಟ ಇದ್ದರೆ ಕ್ರ್ಯಾಂಕ್‌ನ ಥ್ರಸ್ಟ್ ವಾಷರ್ ಸವೆದಿದೆ. ಟ್ಯಾಪೆಟ್ ಕವರ್ ಬಿಚ್ಚಿಸಿ. ಕಂದು ಬಣ್ಣದ ಎಣ್ಣೆ ಪಸೆ ಇದ್ದರೆ ಒಳ್ಳೆಯದು. ಕಪ್ಪು ಹಲ್ವಾ ಥರ ಗಟ್ಟಿ ಜಿಡ್ಡು ಕೂತಿದ್ದರೆ ಆ ಎಂಜಿನ್‌ಗೆ ಆಯಿಲ್ ಬದಲಾಯಿಸಿದವರಿಲ್ಲ. ಚೇಂಬರ್ (ತಳದ ಆಯಿಲ್ ತೊಟ್ಟಿ) ನಟ್ ಸಡಿಲಿಸಿ ಮೊದಲು ಬರುವ ಹನಿ ನೋಡಿ. ಮೊದಲು ನೀರು ಬಂದು ಆಮೇಲೆ ಆಯಿಲ್ ಬಂದರೆ ಅಂಗಡಿಯವರಿಗೆ ನಮಸ್ಕಾರ ಹೇಳಿ ಬನ್ನಿ.

ಸೆಲ್ಫ್ ಮೋಟರ್, ಫ್ಲೈವೀಲ್ ಎರಡೂ ಇದ್ದರೆ ನೆಲದ ಮೇಲೇ ಕಂಪ್ರೆಷನ್ ನೋಡಬಹುದು. ಆದರೆ ಸೆಲ್ಫ್ ಹೊಡೆದ ಕೂಡಲೇ ಎಂಜಿನ್ ಮಗ್ಗುಲಿಗೆ ಹಾರುತ್ತೆ. ಟೈರಿಗೆ ಹಗ್ಗ ಬಿಗಿದು, ಕಾಲು ದೂರ ಇಟ್ಟು ಮಾಡಿ. ಸೆಲ್ಫ್ ಇಲ್ಲದಿದ್ದರೆ ಹೆಬ್ಬೆರಳೇ ಗೇಜ್. ಪ್ಲಗ್ ತೂತಿಗೆ ಬೆರಳೊತ್ತಿ ಇನ್ನೊಬ್ಬರಿಂದ ತಿರುಗಿಸಿ. ನಾಲ್ಕೂ ಒಂದೇ ರೀತಿ ಬೆರಳನ್ನು ತಳ್ಳಬೇಕು. ಅಂಕಿ ಸಿಗದಿದ್ದರೂ ಸತ್ತ ಸಿಲಿಂಡರ್ ಯಾವುದು ಅಂತ ಗೊತ್ತಾಗುತ್ತೆ.

ಎಷ್ಟನೇ ಸೈಜ್ ಪಿಸ್ಟನ್ ಇದೆ ಅಂತ ಕೇಳಿ. ಒಂದೊಂದು ಸಲ ರೀಬೋರ್ ಮಾಡಿದಾಗಲೂ ಬೋರ್ ಇಂಚಿನ ಸಾವಿರದ ಲೆಕ್ಕದಲ್ಲಿ 10, 20, 30, 40 ಅಂತ ದೊಡ್ಡದಾಗುತ್ತಾ ಹೋಗುತ್ತದೆ. 40 ಆಗಿಬಿಟ್ಟಿದ್ದರೆ ಮುಂದಿನ ಸಲ ಒಳಗೆ ಹೊಸ ಕೊಳವೆ, ಅಂದ್ರೆ ಸ್ಲೀವ್ ಹಾಕಿಸಬೇಕು. "ಕಂಪನಿ ಬೋರ್ ಸಾರ್, ಕೈನೇ ಹಾಕಿಲ್ಲ" ಅಂತ ಎಲ್ಲರೂ ಹೇಳುತ್ತಾರೆ. ಹೆಡ್ ಎತ್ತಿದರೆ ಪಿಸ್ಟನ್ ನೆತ್ತಿ ಮೇಲೇ ಸಾಮಾನ್ಯವಾಗಿ ಬರೆದಿರುತ್ತದೆ.

ಹಿಂದುಗಡೆ ಆಯಿಲ್ ಜಿನುಗಿದ ಗುರುತು ಕಂಡರೆ ಅದೊಂದಕ್ಕೇ ಬೇಡ ಅನ್ನಬೇಡಿ. ಈ ಎಂಜಿನ್‌ನಲ್ಲಿ ಕ್ರ್ಯಾಂಕ್‌ನ ಹಿಂದಿನ ತುದಿಗೆ ಈಗಿನವುಗಳಂತೆ ರಬ್ಬರ್ ಸೀಲ್ ಇಲ್ಲ. ಸ್ಕ್ರೂ ಮರೆಯಂಥ ಗೆರೆ ಕೊರೆದಿರುತ್ತಾರೆ. ತಿರುಗುವಾಗ ಅದು ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ನಿಂತಾಗ ಎರಡು ಹನಿ ಬೀಳೋದು ಅದರ ಹುಟ್ಟುಗುಣ. ಧಾರೆಯಾಗಿ ಸುರಿದರೆ ಮೇನ್ ಬೇರಿಂಗ್ ಸವೆದಿದೆ ಅಂತ ಅರ್ಥ.

ಕಾಗದದ ಕೆಲಸ ಬೇಗ ಹೇಳಿಬಿಡುತ್ತೇನೆ. ಬ್ಲಾಕ್ ಮೇಲಿನ ಎಂಜಿನ್ ನಂಬರ್ ಉಜ್ಜಿರಬಾರದು. ಬಿಲ್ಲಿನಲ್ಲಿ ಅದೇ ನಂಬರ್ ಬರೆಸಿ. ಅದು ಯಾವ ಕಾರಿನದು ಅನ್ನೋದಕ್ಕೆ ಹಳೇ ಆರ್‌ಸಿ ಜೆರಾಕ್ಸ್ ಆದರೂ ಕೇಳಿ ಪಡೆಯಿರಿ. ಎಂಜಿನ್ ಬದಲಾದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ನಂಬರ್ ತಿದ್ದಿಸಬೇಕು. ತುಮಕೂರಿನವರಿಗೆ ಕೆಎ 06, ತಿಪಟೂರು 44, ಮಧುಗಿರಿ 64. ಇದನ್ನು ಬಿಟ್ಟರೆ ಆರ್‌ಸಿ ನವೀಕರಣದ ದಿನ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿದಾಗ ಸಿಕ್ಕಿಬೀಳುತ್ತೀರಿ. 50 ವರ್ಷ ದಾಟಿದ ಕಾರಿಗೆ 2021ರ ನಿಯಮದಲ್ಲಿ ವಿಂಟೇಜ್ ನೋಂದಣಿ ಮಾಡಿಸುವ ಆಸೆ ಇದ್ದರೆ ಇನ್ನೂ ಎಚ್ಚರ. ಕಾರು ಮೂಲರೂಪದಲ್ಲೇ ಇರಬೇಕು, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಅನ್ನುತ್ತದೆ ಆ ನಿಯಮ. ಡೀಸೆಲ್ ಎಂಜಿನ್ ತಂದು ಕೂರಿಸಿದವರು ಅದನ್ನು ಮರೆಯೋದೇ ವಾಸಿ.

ಹಾಕಿದ ಮೇಲೆ

ಸಣ್ಣಪುಟ್ಟ ತೊಂದರೆಗಳು ಮೊದಲ ವಾರದಲ್ಲೇ ತಲೆ ಹಾಕುತ್ತವೆ. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಕಡಿಮೆಯಾಗುವ ಬದಲು ಏರುತ್ತಿದ್ದರೆ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಎಂಜಿನ್ ಪಕ್ಕದ ಫ್ಯೂಯಲ್ ಪಂಪ್‌ನ ಡಯಾಫ್ರಾಮ್ ಹರಿದು ಪೆಟ್ರೋಲ್ ಚೇಂಬರ್‌ಗೆ ಇಳಿಯುತ್ತಿದೆ. ವರ್ಷಗಟ್ಟಲೆ ಒಣಗಿ ಕೂತ ಎಂಜಿನ್‌ಗಳಲ್ಲಿ ಇದು ಮಾಮೂಲಿ. ಈಗ ಬಂಕಿನಲ್ಲಿ ಸಿಗುವ 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರನ್ನು ಇನ್ನೂ ಬೇಗ ತಿನ್ನುತ್ತದೆ. ಆ ಆಯಿಲ್‌ನಲ್ಲಿ ಓಡಿಸಬೇಡಿ, ಬೇರಿಂಗ್ ಹೋಗುತ್ತೆ. ಪಂಪ್ ಕಿಟ್ ಹಾಕಿ, ಆಯಿಲ್ ಬದಲಿಸಿ.

ಮಿಸ್ ಫೈರ್ ಆದರೆ ಮೊದಲು ಪ್ಲಗ್ ವೈರ್‌ಗಳ ಸರದಿ ನೋಡಿ: 1, 3, 4, 2. ಎಂಜಿನ್ ಬದಲಾಯಿಸುವ ಗಡಿಬಿಡಿಯಲ್ಲಿ ಎರಡು ವೈರ್ ಅದಲುಬದಲಾಗುವುದು ಸಾಮಾನ್ಯ. ಕ್ಲಚ್ ಒತ್ತಿದಾಗ ಕಿರ್ ಅಂದರೆ ಕ್ಲಚ್ ಬೇರಿಂಗ್ ಅಥವಾ ಪೈಲಟ್ ಬುಷ್. ಎಂಜಿನ್ ಕೆಳಗಿದ್ದಾಗಲೇ ಹಾಕಿಸಬೇಕಿತ್ತು. ಈಗ ಮತ್ತೆ ಇಳಿಸಿ ಅಷ್ಟೆ.

ಈಗ ದೊಡ್ಡದಕ್ಕೆ ಬರೋಣ. ಕುದಿಯುವುದು.

ಯಾವಾಗ ಕುದಿಯುತ್ತದೆ ಅನ್ನೋದರಲ್ಲೇ ಅರ್ಧ ಉತ್ತರ ಇದೆ. ಬಿ.ಎಚ್. ರಸ್ತೆಯ ಟ್ರಾಫಿಕ್‌ನಲ್ಲಿ ನಿಂತಾಗ ಮಾತ್ರ ಬಿಸಿ ಮೀಟರಿನ ಮುಳ್ಳು ಏರಿ, ಹೈವೇಗೆ ಬಿದ್ದ ಮೇಲೆ ಇಳಿದರೆ ಗಾಳಿ ಸಾಲುತ್ತಿಲ್ಲ. ಅಂದ್ರೆ ಫ್ಯಾನ್, ಬೆಲ್ಟ್, ಟೈಮಿಂಗ್ ಕಡೆ ನೋಡಿ. ಊರೊಳಗೆ ಚೆನ್ನಾಗಿದ್ದು, ಹೈವೇಯಲ್ಲಿ 70, 80ರಲ್ಲಿ ಹೋಗುವಾಗ ನಿಧಾನಕ್ಕೆ ಏರುತ್ತಾ ಹೋದರೆ ನೀರು ಸರಿಯಾಗಿ ಹರಿಯುತ್ತಿಲ್ಲ. ಅಂದ್ರೆ ರೇಡಿಯೇಟರ್, ಹೋಸ್, ಬ್ಲಾಕ್. ಸ್ಟಾರ್ಟ್ ಮಾಡಿದ ಕೆಲವೇ ನಿಮಿಷದಲ್ಲಿ ಗುಳುಗುಳು ಅಂದರೆ ಗ್ಯಾಸ್ಕೆಟ್ ಅಥವಾ ಹೆಡ್ ಬಿರುಕು. ನಮ್ಮದು ಎರಡನೇ ಗುಂಪು. ಕ್ಯಾತ್ಸಂದ್ರ ದಾಟಿ ಡಾಬಸ್‌ಪೇಟೆ ಹತ್ತಿರ ಬರುವಷ್ಟರಲ್ಲಿ ಮುಳ್ಳು ಮುಕ್ಕಾಲಿಗೆ ಏರುತ್ತಿತ್ತು. ಬೆಟ್ಟ ಏರಿಸಿದರೆ ಮುಗಿಯಿತು.

ಮೀಟರ್ ಸುಳ್ಳು ಹೇಳುತ್ತಿದೆಯಾ ಅಂತಲೂ ನೋಡಿ. ಗುಜರಿ ಎಂಜಿನ್ ಜೊತೆ ಬಂದ ಸೆನ್ಸರ್ ನಿಮ್ಮ ಮೀಟರಿಗೆ ಹೊಂದದೇ ಇರಬಹುದು. ನಾನು ಮುಟ್ಟದೆ ಬಿಸಿ ಅಳೆಯುವ ಇನ್ಫ್ರಾರೆಡ್ ಗನ್ ತಂದೆ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅದಲ್ಲ. ಅದು ಜ್ವರದಷ್ಟೇ ಅಳೆಯೋದು. ವೆಲ್ಡಿಂಗ್, ಎಸಿ ಕೆಲಸದವರು ಇಟ್ಟುಕೊಳ್ಳುವಂಥದ್ದು ಬೇಕು.

ಫ್ಯಾನ್ ಬೆಲ್ಟ್ ಬಿಗಿ ಇದೆಯಾ? ಫ್ಯಾನ್ ತಿರುಗುಮುರುಗಾಗಿ ಹಾಕಿಲ್ಲ ತಾನೇ? ನಗಬೇಡಿ, ಎಂಜಿನ್ ಬದಲಾಯಿಸಿದ ಮೇಲೆ ನಿಜಕ್ಕೂ ಆಗುವ ತಪ್ಪು ಇದು. ಎಂಜಿನ್ ಓಡುತ್ತಿರುವಾಗ ರೇಡಿಯೇಟರ್ ಮುಂದುಗಡೆ ಒಂದು ಹಾಳೆ ನ್ಯೂಸ್ ಪೇಪರ್ ಹಿಡಿಯಿರಿ. ಅದು ಜಾಲರಿಗೆ ಅಂಟಿಕೊಂಡು ನಿಲ್ಲಬೇಕು.

ಟೈಮಿಂಗ್, ಅಂದ್ರೆ ಪ್ಲಗ್ ಕಿಡಿ ಹಾರುವ ಹೊತ್ತು, ಲೇಟಾಗಿದ್ದರೂ ಎಂಜಿನ್ ಬಿಸಿಯಾಗುತ್ತದೆ. ಕಿವಿಯಲ್ಲೇ ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗ್ ಕೂರಿಸುವವರು ನಮ್ಮಲ್ಲಿ ಜಾಸ್ತಿ. ಅವರಲ್ಲಿ ಕೆಲವರು ನಿಜಕ್ಕೂ ಪ್ರವೀಣರು, ಆದರೂ ಟೈಮಿಂಗ್ ಲೈಟ್ ಹಿಡಿದು ನೋಡೋದು ಒಳ್ಳೆಯದು. ಪಿಕಪ್ ಇಲ್ಲ, ಸಂಜೆ ಕತ್ತಲಲ್ಲಿ ಮ್ಯಾನಿಫೋಲ್ಡ್ ಕೆಂಪಗೆ ಕಾಣುತ್ತಿದೆ ಅಂದ್ರೆ ಇದೇ. ಪ್ಲಗ್ ತುದಿ ಸುಣ್ಣದ ಹಾಗೆ ಬೆಳ್ಳಗಿದ್ದರೆ ಮಿಕ್ಸ್ಚರ್ ತೆಳುವಾಗಿದೆ, ಅಂದ್ರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಕಾರ್ಬುರೇಟರ್ ಅಥವಾ ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನಲ್ಲಿ ಗಾಳಿ ಎಳೆಯುತ್ತಿದೆ.

ಗ್ಯಾಸ್ಕೆಟ್ ಪರೀಕ್ಷೆ ಸುಲಭ. ಎಂಜಿನ್ ತಣ್ಣಗಿರುವಾಗ ಫ್ಯಾನ್ ಬೆಲ್ಟ್ ಬಿಚ್ಚಿ, ರೇಡಿಯೇಟರ್ ಬಾಯಿಯವರೆಗೆ ನೀರು ತುಂಬಿ, ಒಂದೇ ನಿಮಿಷ ಓಡಿಸಿ. ಒಂದೇ ಸಮನೆ ಗುಳ್ಳೆ ಬಂದರೆ ಸಿಲಿಂಡರಿನ ಗಾಳಿ ನೀರಿಗೆ ನುಗ್ಗುತ್ತಿದೆ. ಬಿಸಿ ಇರುವಾಗ ಕ್ಯಾಪ್ ಮುಟ್ಟಬೇಡಿ. ಟವೆಲ್ ಇದೆ, ಏನಾಗಲ್ಲ ಅಂತ ಮುಟ್ಟಿದವರ ಕೈ ನೋಡಿದ್ದೇನೆ.

ಕ್ಯಾಪ್ ವಿಷಯಕ್ಕೇ ಬಂದರೆ, ಅದನ್ನು ಜನ ಬರೀ ಮುಚ್ಚಳ ಅಂದುಕೊಂಡಿದ್ದಾರೆ. ತುಮಕೂರು ಸಮುದ್ರಮಟ್ಟಕ್ಕಿಂತ 800 ಮೀಟರ್‌ಗೂ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ದೇವರಾಯನದುರ್ಗ 1,200 ಮೀಟರ್ ಎತ್ತರ, ಅಲ್ಲಿ ಇನ್ನೊಂದು ಡಿಗ್ರಿ ಮೊದಲೇ. 7 ಪಿಎಸ್‌ಐ ಕ್ಯಾಪ್ ಸರಿಯಾಗಿ ಒತ್ತಡ ಹಿಡಿದರೆ ಕುದಿಯುವ ಮಟ್ಟ ಸುಮಾರು 11 ಡಿಗ್ರಿ ಮೇಲೇರುತ್ತೆ. ಕ್ಯಾಪ್‌ನ ರಬ್ಬರ್ ಬಿರಿದಿದ್ದರೆ ಆ 11 ಡಿಗ್ರಿ ಹೋಯಿತು. ಹೊಸ ಕ್ಯಾಪ್ ಹಾಕೋದು ಎಲ್ಲಕ್ಕಿಂತ ಅಗ್ಗದ ರಿಪೇರಿ.

ರೇಡಿಯೇಟರ್ ಬಿಸಿಯಾದ ಮೇಲೆ ಎಂಜಿನ್ ಆಫ್ ಮಾಡಿ ಜಾಲರಿ ಮೇಲೆ ಕೈ ಆಡಿಸಿ. ನಡುವೆ ತಣ್ಣನೆ ಪಟ್ಟಿಗಳು ಸಿಕ್ಕರೆ ಅಲ್ಲಿನ ಟ್ಯೂಬ್ ಕಟ್ಟಿದೆ. ನಮ್ಮದನ್ನು ಎಂಜಿನ್ ಹಾಕುವಾಗಲೇ ಟ್ಯಾಂಕ್ ಬಿಚ್ಚಿಸಿ ಪಟ್ಟಿ ಹೊಡೆಸಿದ್ದೆ (ಟ್ಯೂಬ್‌ಗಳಿಗೆ ತೆಳು ಪಟ್ಟಿ ತೂರಿಸಿ ಕಸ ತೆಗೆಸಿದ್ದೆ), ಹಾಗಾಗಿ ಸರಿಯಾಗಿತ್ತು. ಕೆಳಗಿನ ಹೋಸ್ ಎಂಜಿನ್ ರೇಸ್ ಮಾಡಿದಾಗ ಒಳಕ್ಕೆ ಅಂಟಿಕೊಳ್ಳುತ್ತಿರಲಿಲ್ಲ. ವಾಟರ್ ಪಂಪ್ ಹೊಸದು. ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ತಡೆಯುವ ಥರ್ಮೋಸ್ಟ್ಯಾಟನ್ನು ಮೆಕ್ಯಾನಿಕ್ ಭಾಯ್ ಕಿತ್ತು ಜೇಬಿಗೆ ಹಾಕಿಕೊಂಡಿದ್ದರು. "ನಮ್ಮೂರಿಗೆ ಇದ್ಯಾಕೆ ಸಾರ್, ಇದು ಫಾರಿನ್ನೋರ್ ಚಳಿಗೆ." ನಾನು ಒಪ್ಪಲ್ಲ. ಅದಿಲ್ಲದಿದ್ದರೆ ಎಂಜಿನ್ ಸರಿಯಾದ ಬಿಸಿಗೆ ಬರೋದು ತಡ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ. ಆದರೆ ಅದು ಇಲ್ಲದೆಯೂ ಕಾರು ಕುದಿಯುತ್ತಿತ್ತು ಅನ್ನೋದೇ ಒಂದು ಸುಳಿವು. ಥರ್ಮೋಸ್ಟ್ಯಾಟ್ ಅಡ್ಡ ಬಂದಿರಲಿಲ್ಲ, ಬೇರೆ ಏನೋ ಬಂದಿತ್ತು.

ಗನ್ ಹಿಡಿದು ಹೆಡ್ ಪಕ್ಕ ಮುಂದಿನಿಂದ ಹಿಂದಕ್ಕೆ ಅಳೆದೆ. ಮೊದಲ ಪ್ಲಗ್ ಹತ್ತಿರ 88 ಡಿಗ್ರಿ. ನಾಲ್ಕನೆಯದರ ಹತ್ತಿರ 109. ಮೂರು ಸಲ ಅಳೆದರೂ ಅಷ್ಟೇ. ಮುಂದುಗಡೆ ಪಂಪ್ ಇದೆ, ನೀರು ಓಡಾಡುತ್ತೆ. ಹಿಂದುಗಡೆ ನೀರೇ ಹೋಗುತ್ತಿಲ್ಲ.

ಸೈಕಲ್ ಸ್ಪೋಕ್

ಈ ಎಂಜಿನ್‌ನ ಬ್ಲಾಕ್ ಪಕ್ಕದಲ್ಲಿ, ಹಿಂಬದಿಗೆ, ನೀರು ಬಿಡುವ ಒಂದು ಸಣ್ಣ ನಲ್ಲಿ ಇದೆ. ರೇಡಿಯೇಟರ್ ನಲ್ಲಿ ಎಲ್ಲರಿಗೂ ಗೊತ್ತು. ಇದನ್ನು ಯಾರೂ ಮುಟ್ಟುವುದಿಲ್ಲ. ಎಂಜಿನ್ ತಣ್ಣಗಾದ ಮೇಲೆ ಅದನ್ನು ತೆಗೆದೆ. ರೇಡಿಯೇಟರ್ ತುಂಬಾ ನೀರಿದೆ, ಇಲ್ಲಿ ಎರಡು ಹನಿ ಬಂದು ನಿಂತಿತು. ನಲ್ಲಿ ಬಿಚ್ಚಿ ಸ್ಪೋಕ್ ತೂರಿಸಿದೆ. ಅರ್ಧ ಇಂಚು ಹೋಗಿ ಗೋಡೆಗೆ ತಾಗಿದ ಹಾಗೆ ನಿಂತಿತು. ಚುಚ್ಚಿ ಚುಚ್ಚಿ ಎಳೆದಾಗ ರಾಗಿ ಅಂಬಲಿಯಂಥ ಕೆಂಗಂದು ಕೆಸರು ಇಳಿಯತೊಡಗಿತು. ಆಮೇಲೆ ಬ್ಲಾಕ್ ಪಕ್ಕದ ತೂತುಗಳನ್ನು ಮುಚ್ಚಿರುವ ಬಿಲ್ಲೆಗಳನ್ನು, ಅಂದ್ರೆ ಕೋರ್ ಪ್ಲಗ್‌ಗಳನ್ನು ಹೊಡೆದು ತೆಗೆದೆವು. ಮುಂದಿನದರಲ್ಲಿ ಬೀಡು ಕಾಣುತ್ತಿತ್ತು. ಹಿಂದಿನದರಲ್ಲಿ ಬಿಳಿ ಪದರ, ಅದರ ಮೇಲೆ ತುಕ್ಕು, ಮತ್ತೆ ಬಿಳಿ ಪದರ. ಸಿಲಿಂಡರ್ ಗೋಡೆಯೇ ಕಾಣಲಿಲ್ಲ.

ಆ ಬಿಳಿ ಪದರ ನಮ್ಮ ಜಿಲ್ಲೆಯ ಎಲ್ಲ ಮನೆಯಲ್ಲೂ ಇದೆ. ನೀರು ಕಾಯಿಸೋ ಕಾಯಿಲ್ ಮೇಲೆ, ಸೋಲಾರ್ ಹೀಟರ್ ಪೈಪ್ ಒಳಗೆ, ಸ್ನಾನದ ಹಂಡೆ ತಳದಲ್ಲಿ. ಬೋರ್ ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ಕಾಯಿಸಿದಾಗ ಕರಗದ ಸುಣ್ಣವಾಗಿ ಬಿಸಿ ಗೋಡೆಗೆ ಅಂಟಿಕೊಳ್ಳುತ್ತದೆ. ನಮ್ಮ ಕಡೆ ನೀರು ಅಂದರೆ ಎಲ್ಲರೂ ಫ್ಲೋರೈಡ್ ಅನ್ನುತ್ತಾರೆ. ಅದು ಹಲ್ಲಿಗೆ, ಮೂಳೆಗೆ ಕೆಟ್ಟದ್ದು. ಎಂಜಿನ್‌ಗೆ ಕೆಟ್ಟದ್ದು ನೀರಿನ ಗಡಸುತನ, ಅಂದ್ರೆ ಈ ಸುಣ್ಣ. ಒಂದು ಸಲ ತುಂಬಿಸಿ ಹಾಗೇ ಬಿಟ್ಟರೆ ಸ್ವಲ್ಪವೇ ಕಟ್ಟುತ್ತೆ. ಸೋರುವ ಕಾರಿಗೆ ದಿನಾ ಅರ್ಧ ಲೀಟರ್ ಹಾಕುತ್ತಾ ಹೋದರೆ ನೀರು ಆವಿಯಾಗುತ್ತೆ, ಸುಣ್ಣ ಅಲ್ಲೇ ಉಳಿಯುತ್ತೆ. ಎಂಜಿನ್ ಕೊಡುವಾಗ ಅಂಗಡಿಯವರು ಬಾಯಿತಪ್ಪಿ ಹೇಳಿದ್ದರು, "ಪಾವಗಡ ಕಡೆ ಓಡಿರೋ ಗಾಡಿ ಸಾರ್, ಕಿಲೋಮೀಟರ್ ಕಮ್ಮಿ." ನಾನು ಕಿಲೋಮೀಟರ್ ಅನ್ನೋದನ್ನಷ್ಟೇ ಕೇಳಿಸಿಕೊಂಡೆ.

ನಮ್ಮ ಹಳೇ ಎಂಜಿನ್‌ಗೂ ಅಪ್ಪ ಮೂವತ್ತು ವರ್ಷ ಹಿತ್ತಲ ನಲ್ಲಿಯ ನೀರನ್ನೇ ಹಾಕಿದ್ದರು. ಸುಣ್ಣ ಕಟ್ಟಿ ಕುದಿಯಿತು, ಕುದಿದು ಗ್ಯಾಸ್ಕೆಟ್ ಸುಟ್ಟಿತು. ಬೋರ್ ಹೋಗೈತೆ ಅಂದ ಮೆಕ್ಯಾನಿಕ್ ಒಂದು ಅರ್ಥದಲ್ಲಿ ಸರಿಯೇ, ಬೋರ್ ನೀರು ಅಂದಿದ್ದರೆ ಪೂರ್ತಿ ಸರಿ.

ಹಾಗಾಗಿ ಅಂಗಡಿಗೆ ಸ್ಪೋಕ್ ಮತ್ತು ನೀರಿನ ಬಾಟಲಿ. ಆ ನಲ್ಲಿ ಬಿಚ್ಚಿಸಿ, ಮೇಲೆ ಥರ್ಮೋಸ್ಟ್ಯಾಟ್ ಬಾಯಿಯಿಂದ ನೀರು ಹುಯ್ಯಿರಿ. ಕೆಳಗೆ ಸರಾಗವಾಗಿ ಬರಬೇಕು. ಬರದಿದ್ದರೆ ಸ್ಪೋಕ್ ಆಡಿಸಿ. ಆಗಲೂ ಬರದಿದ್ದರೆ ಬೆಲೆಯಲ್ಲಿ ಚೌಕಾಸಿ ಮಾಡಿ ಇಲ್ಲವೇ ಬಿಡಿ. ಎರಡೇ ನಿಮಿಷದ ಕೆಲಸ.

ತೆಗೆಯೋದು ಹೇಗೆ? ಕೋರ್ ಪ್ಲಗ್ ತೂತುಗಳಿಂದ ಕೆರೆದು, ಚುಚ್ಚಿ, ಪೈಪ್ ಹಿಡಿದು ತೊಳೆದು ಆದಷ್ಟು ಕೆಸರು ಮೊದಲು ಹೊರಗೆ ಹಾಕಿದೆವು. ಹೊಸ ಪ್ಲಗ್ ಕೂರಿಸಿದ ಮೇಲೆ ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ತುಂಬಿಸಿ, ಅರ್ಧ ಗಂಟೆ ನಿಧಾನಕ್ಕೆ ಓಡಿಸಿ, ತಣ್ಣಗಾದ ಮೇಲೆ ಬಿಟ್ಟೆವು. ಚಹಾ ಬಣ್ಣದ ನೀರು ಬಂತು. ಬಣ್ಣ ತಿಳಿಯಾಗುವವರೆಗೆ ನಾಲ್ಕು ಸಲ. ಕೊನೆಗೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಒಮ್ಮೆ, ಬರೀ ನೀರಿನಲ್ಲಿ ಎರಡು ಸಲ ತೊಳೆದೆವು. ನಮ್ಮದರಲ್ಲಿ ಬ್ಲಾಕ್, ಹೆಡ್ ಎರಡೂ ಬೀಡು, ಹಾಗಾಗಿ ತಡೆಯುತ್ತದೆ. ಪದ್ಮಿನಿಯ ಹೆಡ್ ಅಲ್ಯೂಮಿನಿಯಂ. ಅದಕ್ಕೆ ಇಷ್ಟು ಹೊತ್ತು ಹುಳಿ ಹಾಕಬೇಡಿ, ಹೆಡ್ ಬಿಚ್ಚಿ ಬ್ಲಾಕ್ ಮಾತ್ರ ತೊಳೆಯಿರಿ. ಟಾಯ್ಲೆಟ್ ತೊಳೆಯುವ ಆಸಿಡ್ ಯಾವ ಎಂಜಿನ್‌ಗೂ ಬೇಡ. ಒಬ್ಬರು ಹಾಕಿ ರೇಡಿಯೇಟರ್ ಜಾಲರಿಯನ್ನು ಜರಡಿ ಮಾಡಿಕೊಂಡಿದ್ದಾರೆ.

ಇನ್ನೊಂದು ವಿಷಯ ಮೊದಲೇ ಗೊತ್ತಿರಲಿ. ಸುಣ್ಣ ಹೋದ ಮೇಲೆ ಅದು ಮುಚ್ಚಿಟ್ಟಿದ್ದ ಸೋರಿಕೆಗಳು ಬಾಯಿ ಬಿಡುತ್ತವೆ. ನಮಗೆ ಹೀಟರ್ ಹೋಸ್ ಒಂದು, ವಾಟರ್ ಪಂಪ್ ಗ್ಯಾಸ್ಕೆಟ್ ಒಂದು ಸೋರಿತು. ಒಂದು ವಾರ ಸೀಟಿನ ಕೆಳಗೆ ನೀರಿನ ಕ್ಯಾನ್ ಇಟ್ಟುಕೊಂಡೇ ಓಡಾಡಿದೆ.

ಈಗ ಹಾಕೋದು ಬೀದಿ ಕೊನೆಯ ಶುದ್ಧ ನೀರಿನ ಘಟಕದ ನೀರು ಮತ್ತು ಕೂಲಂಟ್, ಅರ್ಧಕ್ಕರ್ಧ. ಬರೀ ಆರ್‌ಒ ನೀರು ಹಾಕಬೇಡಿ, ಕೂಲಂಟ್ ಇಲ್ಲದಿದ್ದರೆ ತುಕ್ಕು ಹಿಡಿಯುತ್ತೆ. ಥರ್ಮೋಸ್ಟ್ಯಾಟನ್ನು ಭಾಯ್ ಹತ್ತಿರ ವಾಪಸ್ ಕೇಳಿ ಹಾಕಿಸಿದೆ. ಗನ್ ಹಿಡಿದರೆ ಮುಂದೆ 86, ಹಿಂದೆ 91.

ಹೋದ ಭಾನುವಾರ ಮತ್ತೆ ದೇವರಾಯನದುರ್ಗಕ್ಕೆ ಹೋದೆವು, ಅಪ್ಪ ಈ ಸಲ ಮುಂದಿನ ಸೀಟು. ಮೇಲೆ ಹೋಗುವವರೆಗೂ ರಸ್ತೆ ನೋಡದೆ ಮೀಟರ್ ನೋಡುತ್ತಾ ಕೂತಿದ್ದರು. ಮುಳ್ಳು ಅರ್ಧ ದಾಟಲಿಲ್ಲ. ಗಾಡಿ ನಿಲ್ಲಿಸಿದ ಜಾಗದಲ್ಲಿ ಹಿಂದಿನಿಂದ ಎರಡು ಹನಿ ಆಯಿಲ್ ಬಿತ್ತು. ಹಳೇ ಎಂಜಿನ್‌ಗೆ ಹೊಸ ಗ್ಯಾಸ್ಕೆಟ್ ತಂದಿಟ್ಟಿದ್ದೇನೆ. ಅದರ ನಲ್ಲಿಗೆ ಸ್ಪೋಕ್ ಹಾಕಿ ಎರಡು ದಿನವಾಯಿತು, ಇನ್ನೂ ಕೆಸರು ಬರುತ್ತಲೇ ಇದೆ.